ಮೂವತ್ತೇ ಎಲೆಯ ಮದುವೆ

ಚಿಕ್ಕದಾಗಿ ಮದುವೆ ಮಾಡುವುದು ದೊಡ್ಡ ಕೆಲಸ. ಸಾವಿರ ಜನರನ್ನು ಕರೆಯುವವರಿಗೆ ತಲೆಬಿಸಿಯಿಲ್ಲ, ನೆನಪಾದವರನ್ನೆಲ್ಲ ಕರೆದರಾಯಿತು. ಮೂವತ್ತೇ ಜನ ಎಂದ ಕೂಡಲೇ ಮೂವತ್ತೊಂದನೆಯವರು ಕಣ್ಣೆದುರು ಬಂದು ಕೂರುತ್ತಾರೆ, ಅದೂ ಮುಖ ಊದಿಸಿಕೊಂಡು. ಅಕ್ಕನ ಮಗಳು, ಸಿಂಗಪುರದ ಈಸ್ಟ್ ಕೋಸ್ಟ್ ಪಾರ್ಕಿನಲ್ಲಿ ಕಡಲೆದುರು ಮದುವೆಯಾಗುತ್ತೇನೆ, ಮೂವತ್ತು ಎಲೆಗಿಂತ ಹೆಚ್ಚು ಬೇಡ ಎಂದಾಗಿನಿಂದ ಬುಕಿತ್ ಬಾಟೋಕ್‌ನ ನಮ್ಮ ಮನೆಯಲ್ಲಿ ಪಟ್ಟಿ ಬರೆಯುವುದು, ಹರಿಯುವುದು ನಡೆದೇ ಇದೆ.

ನಾನು ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರುವ ಹಕ್ಕು ನನ್ನದು. ಸಲಹೆ ಕೊಡುವ ಹಕ್ಕೂ ಅದರ ಜೊತೆಗೇ ಬರುತ್ತದೆಂದು ತಿಳಿದಿದ್ದೆ. "ಅಷ್ಟು ದೂರ ಯಾಕಮ್ಮ? ಇಲ್ಲೇ ಲಿಟಲ್ ಗ್ವಿಲಿನ್ ಇದೆಯಲ್ಲ" ಎಂದೆ. ಹಿಂದೆ ಗ್ರಾನೈಟ್ ಕ್ವಾರಿಯಾಗಿದ್ದ ಜಾಗ ಅದು. ಕಲ್ಲು ತೆಗೆದ ಗುಂಡಿಯಲ್ಲಿ ನೀರು ನಿಂತು, ನಡುವೆ ಬಂಡೆ ಎದ್ದು, ಈಗ ಚೀನಾದ ಊರೊಂದರ ಹೆಸರು ಹೊತ್ತು ಮೆರೆಯುತ್ತಿದೆ. ಮದುಮಕ್ಕಳು ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಬಿಳಿ ಗೌನನ್ನು ಎರಡು ಕೈಯಲ್ಲಿ ಮೊಣಕಾಲಿಗೆ ಎತ್ತಿ ಹಿಡಿದ ಹುಡುಗಿ, ಹಿಂದೆ ಅವಳ ಚಪ್ಪಲಿ ಹಿಡಿದ ಹುಡುಗ.

"ಮಾವ, ಅದು ಹೊಂಡ" ಎಂದಳು. ಮುಗಿಯಿತು.

ಹಾಗಾದರೆ ನಮ್ಮ ಬ್ಲಾಕಿನ ಕೆಳಗಿನ ತೆರೆದ ನೆಲಮಹಡಿ, ವಾಯ್ಡ್ ಡೆಕ್ಕೇ ಆಗಲಿ ಎಂದೆ. ಮಲಯ್ ಮನೆಯವರು ಅಲ್ಲಿ ಮದುವೆ ಮಾಡುವುದನ್ನು ನೋಡಬೇಕು. ಕಂಬಗಳ ನಡುವೆ ಬಟ್ಟೆ ಕಟ್ಟಿ, ಹೊರಗೆ ಬಿರಿಯಾನಿ ಹಂಡೆ ಇಟ್ಟು, ಕೊಂಪಾಂಗ್ ಬಾರಿಸುತ್ತ ಗಂಡನ್ನು ಕರೆತರುತ್ತಾರೆ. ಲಿಫ್ಟಿನಿಂದ ಇಳಿದ ಅಕ್ಕಪಕ್ಕದವರು ತರಕಾರಿ ಚೀಲ ಹಿಡಿದೇ ನಿಂತು ನೋಡುತ್ತಾರೆ. ನನ್ನ ಪ್ರಕಾರ ಸಿಂಗಪುರದಲ್ಲಿ ಅದಕ್ಕಿಂತ ಚೆಂದದ ಕಲ್ಯಾಣಮಂಟಪವಿಲ್ಲ. ಆದರೆ ನನ್ನ ಪ್ರಕಾರ ಕೇಳಿದವರು ಯಾರು?

ಕಾನೂನಿನ ಕೆಲಸ ಮಾತ್ರ ನೀರು ಕುಡಿದಷ್ಟು ಸುಲಭ. ವಿವಾಹ ನೋಂದಣಿ ಕಚೇರಿಗೆ ಕನಿಷ್ಠ 21 ದಿನ ಮೊದಲು ಆನ್‌ಲೈನಿನಲ್ಲಿ ತಿಳಿಸಬೇಕು, 42 ಡಾಲರ್ ಕಟ್ಟಬೇಕು, 21 ತುಂಬಿದ ಇಬ್ಬರು ಸಾಕ್ಷಿಗಳು ಬೇಕು. ಪರವಾನಗಿ ಇರುವ ಸಾಲೆಮ್ನೈಸರ್ ಒಬ್ಬರು ನಾವು ಹೇಳಿದಲ್ಲಿಗೇ ಬಂದು ಮದುವೆ ಮಾಡಿಸುತ್ತಾರೆ. ಅವರಿಗೊಂದು ಕೆಂಪು ಲಕೋಟೆ ಕೊಡುವುದು ರೂಢಿ. ನಮ್ಮ ದಕ್ಷಿಣೆಯೇ, ತಾಂಬೂಲವಿಲ್ಲ ಅಷ್ಟೆ.

ಕೊಪ್ಪದಲ್ಲಿರುವ ಅಮ್ಮನಿಗೆ ಹೇಗೆ ಹೇಳುವುದೆಂದು ಅಕ್ಕ ಹೆದರಿದ್ದಳು. ಮೊಮ್ಮಗಳೇ ಫೋನ್ ಮಾಡಿದಳು: "ಅಜ್ಜಿ, ಸಿಂಪಲ್ಲಾಗಿ, ವಚನ ಓದಿ ಮದುವೆ ಆಗ್ತೀವಿ."

"ಮಂತ್ರ ಮಾಂಗಲ್ಯ ತಾನೆ? ಕುವೆಂಪು ಮಗನಿಗೆ ಮಾಡಿಸಿದ್ರಲ್ಲ, ಅರವತ್ತಾರರಲ್ಲೇ. ಹೊಸದೇನು ಬಂತು ಅದರಲ್ಲಿ? ಹೋಳಿಗೆ ಮಾಡಿಸ್ತೀರೋ ಇಲ್ವೋ, ಅದು ಹೇಳು."

ತೇಜಸ್ವಿಯವರ ಮದುವೆಯ ಆ 1966ರಲ್ಲೇ ಇಲ್ಲಿಯವರು ಪೂರ್ವದ ಗುಡ್ಡಗಳನ್ನು ಕಡಿದು, ಮಣ್ಣನ್ನು ಕನ್ವೇಯರ್ ಬೆಲ್ಟಿನ ಮೇಲೆ ಸಾಗಿಸಿ, ಕಡಲು ತುಂಬತೊಡಗಿದ್ದು. ಈಸ್ಟ್ ಕೋಸ್ಟ್ ಪಾರ್ಕು ನಿಂತಿರುವುದು ಆ ಮಣ್ಣಿನ ಮೇಲೆ. ನಮ್ಮ ಹುಡುಗಿ ಹಾರ ಹಾಕುವ ಜಾಗದಲ್ಲಿ ಆಗ ಮೀನು ಓಡಾಡುತ್ತಿದ್ದವು.

ಅಮ್ಮ ಒಪ್ಪಿದರೂ ಬೀಗರು ಅಗ್ನಿಸಾಕ್ಷಿಯನ್ನು ಬಿಡಲೊಲ್ಲರು. ಪಾರ್ಕಿನಲ್ಲಿ ಕಂಡಲ್ಲಿ ಬೆಂಕಿ ಹಾಕುವಂತಿಲ್ಲ. "ಅಲ್ಲಿ ಬಾರ್ಬೆಕ್ಯೂ ಒಲೆಗಳು ಇವೆಯಂತಲ್ಲ, ಒಂದನ್ನು ಬುಕ್ ಮಾಡಿದರೆ ಹೋಮಕ್ಕೆ ಆಗದೇ?" ಎಂದು ವಿನಯದಿಂದಲೇ ಕೇಳಿದರು. ಹೋಗಿ ನೋಡಿದೆ. ಒಲೆಯ ಅಂಚಿಗೆ ಹಿಂದಿನ ರಾತ್ರಿಯ ಕೋಳಿಯ ಕೊಬ್ಬು ಕರಿಗಟ್ಟಿ ಅಂಟಿತ್ತು, ಬೂದಿಯಲ್ಲಿ ಅರ್ಧ ಸುಟ್ಟ ರೆಕ್ಕೆಯೊಂದಿತ್ತು; ಅದರ ಮೇಲೆ ಎರಡು ಮೈನಾ ಜಗಳವಾಡುತ್ತಿದ್ದವು. ಫೋಟೋ ತೆಗೆದು ಬೀಗರಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಸಂಜೆ ಬೀಗಿತ್ತಿ ಫೋನ್ ಮಾಡಿ, ಹೋಮ ಹಿಂದಿನ ದಿನ ದೇವಸ್ಥಾನದಲ್ಲಿ ಆಗಲಿ ಎಂದರು.

ಅಲ್ಲಿಗೆ ಉಳಿದದ್ದು ಪಟ್ಟಿಯೊಂದೇ. ಇವತ್ತಿಗೆ ನಲವತ್ತೆರಡಾಗಿದೆ, ಫೋಟೋಗ್ರಾಫರನ್ನು ಬಿಟ್ಟು.

ಕರೆ ಬಂದವರು ಬುಕಿತ್ ಬಾಟೋಕ್‌ನಲ್ಲಿ ರೈಲು ಹತ್ತಿ, ಆರ್ಚರ್ಡ್‌ನಲ್ಲಿ ಬದಲಿಸಿ, ಮರೀನ್ ಪರೇಡ್‌ನಲ್ಲಿ ಇಳಿಯಿರಿ. 2024ರ ಜೂನ್‌ನಿಂದ ಆ ಅನುಕೂಲವಿದೆ. ರೈಲಿನಲ್ಲಿ ಡುರಿಯನ್ ಒಯ್ಯುವಂತಿಲ್ಲ, ಕಳಶದ ತೆಂಗಿನಕಾಯಿಗೆ ಅಡ್ಡಿಯಿಲ್ಲ. ಕೊಡೆ ಇರಲಿ. ಅಕ್ಷತೆ ಎರಚಬೇಡಿ: ಕಸ ಹಾಕಿದ್ದಕ್ಕೆ ಮೊದಲ ಸಲವೇ 2,000 ಡಾಲರ್‌ವರೆಗೆ ದಂಡ ಬೀಳಬಹುದು, ಅಷ್ಟರಲ್ಲಿ ಇನ್ನೂ ಎಷ್ಟೋ ಎಲೆ ಹಾಕಬಹುದು. ಕರೆ ಬಾರದವರು ದಯವಿಟ್ಟು ತಪ್ಪು ತಿಳಿಯಬೇಡಿ. ಪಟ್ಟಿ ಹುಡುಗಿಯದು, ನಾನು ಬರೀ ಸೋದರಮಾವ.