ಬೊಗಳದ ನಾಯಿಯ ಯಜಮಾನರು

ಬೊಗಳೋ ನಾಯಿ ಕಚ್ಚೋದಿಲ್ಲ ಎಂಬ ಗಾದೆಯನ್ನು ನಂಬಿಕೊಂಡೇ ಇಷ್ಟು ವರ್ಷ ಬಾಳಿದವನು ನಾನು. ಹಾಗಾಗಿ ಸಿಯಾಟಲ್‌ನಲ್ಲಿ ಮಗಳ ಪಕ್ಕದ ಮನೆಯವರು ಬೇಲಿಯಾಚೆಯಿಂದ "ನಮ್ಮದು ಬಸೆಂಜಿ, ಬೊಗಳೋದೇ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದಾಗ ಎರಡು ಹೆಜ್ಜೆ ಹಿಂದೆ ಸರಿದೆ.

ನೋಡಲು ಲಕ್ಷಣವಾದ ನಾಯಿ. ಹತ್ತು ಕೆಜಿ ತೂಕ, ಕೆಂಪು ಮೈ, ಕಾಲಿಗೆ ಬಿಳಿ ಕಾಲುಚೀಲ, ಚಕ್ಕುಲಿಯಂತೆ ಸುತ್ತಿಕೊಂಡ ಬಾಲ. ಹಣೆ ತುಂಬ ಸುಕ್ಕು, ಮೂರನೆಯ ಮಗಳ ಮದುವೆ ಸಾಲ ತೀರಿಸುತ್ತಿರುವ ಗುಮಾಸ್ತನ ಹಾಗೆ. ನ್ಯಾಯವಾಗಿ ಆ ಸುಕ್ಕು ಇರಬೇಕಾದ್ದು ಯಜಮಾನರ ಹಣೆಯಲ್ಲಿ. ಅವರದು ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

ಬೊಗಳುವುದಿಲ್ಲ ಎಂದರೆ ಮೌನವ್ರತ ಅಂತಲ್ಲ. ಅದರ ಗಂಟಲಿನ ರಚನೆಯೇ ಬೇರೆ. ಬೆಳಗಿನ ಐದಕ್ಕೆ, ಹುಂಜಕ್ಕೆ ಯಾರೋ ಗಮಕ ಹೇಳಿಕೊಟ್ಟಂತೆ, ಉದ್ದಕ್ಕೆ ಒಂದು ಆಲಾಪ. "ಹಾಡ್ತಿದಾನೆ" ಎಂದರು ಯಜಮಾನರು. ಸೋಫಾ ಹರಿದರೆ "ಬೇಜಾರಾಗಿತ್ತು ಪಾಪ". ಬೇಲಿ ಹತ್ತಿದರೆ "ಎಷ್ಟು ಚುರುಕು ನೋಡಿ". ಬೆಕ್ಕಿನ ಹಾಗೆ ದಿನವಿಡೀ ಮೈ ನೆಕ್ಕಿಕೊಳ್ಳುವ ಈ ಮಹಾಶಯನಿಗೆ ಮಳೆ ಆಗದು. ಸಿಯಾಟಲ್‌ನಲ್ಲಿ ಮಳೆ ಆಗದವನ ಗತಿ! ಜಿಟಿಜಿಟಿ ಶುರುವಾದರೆ ನಾಯಿಯ ತಲೆಗೆ ಕೊಡೆ ಹಿಡಿದು ಯಜಮಾನರು ತಾವು ತೊಪ್ಪೆಯಾಗುತ್ತಾರೆ. ಅದು ಹೊಸ್ತಿಲಲ್ಲೇ ನಿಂತು, ಇವರ ಕಾಲಿನಿಂದ ಹರಿಯುವ ನೀರನ್ನು ಅಸಹ್ಯದಿಂದ ನೋಡುತ್ತದೆ.

ಸ್ಟ್ಯಾನ್ಲಿ ಕೊರೆನ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ನಾಯಿಗಳ ಬುದ್ಧಿಯ ಬಗ್ಗೆ ಪುಸ್ತಕ ಬರೆದು, ಹೇಳಿದ ಮಾತು ಕೇಳುವುದರಲ್ಲಿ ತಳಿಗಳಿಗೆ ರ‍್ಯಾಂಕ್ ಕೊಟ್ಟರು. 79 ಸ್ಥಾನಗಳಲ್ಲಿ ಬಸೆಂಜಿಯದು 78ನೆಯದು. ಅಫ್ಘನ್ ಹೌಂಡ್ ಎಂಬ ಪುಣ್ಯಾತ್ಮ ಇಲ್ಲದಿದ್ದರೆ ಕೊನೆಯದೇ. ಮೆಲ್ಲಗೆ ಇದನ್ನೆತ್ತಿದೆ. ಯಜಮಾನರು ನಕ್ಕರು: "ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತೆ. ಮನಸ್ಸು ಮಾಡಲ್ಲ, ಅಷ್ಟೆ."

ಎದೆ ಝಲ್ಲೆಂದಿತು. ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮೇಷ್ಟ್ರಾಗಿ, ಪ್ರತಿ ಜೂನ್‌ನಲ್ಲೂ ಫೇಲಾದ ಹುಡುಗರ ಅಪ್ಪಂದಿರ ಬಾಯಲ್ಲಿ ನಾನು ಕೇಳಿದ ಮಾತೇ ಅದು. ತಲೆ ಇದೆ ಸಾರ್, ಮನಸ್ಸು ಮಾಡಲ್ಲ. ಮುಂದಿನದೂ ನನಗೆ ಗೊತ್ತಿತ್ತು: ಅಂಕಪಟ್ಟಿ ಕೇಳಿದರೆ ಅವರು ಮನೆತನ ತೆಗೆಯುತ್ತಾರೆ. ಇವರೂ ತೆಗೆದರು. ಮೂಲ ಕಾಂಗೋ ಕಾಡು. ಈಜಿಪ್ಟಿನ ಗೋರಿಗಳ ಚಿತ್ರದಲ್ಲೂ ಸುರುಳಿ ಬಾಲದ ನಾಯಿಗಳಿವೆ. 1937ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಇವನ ವಂಶದವರನ್ನು ನೋಡಲು ಜನ ಮುಗಿಬಿದ್ದಿದ್ದರು. ಕಾಂಗೋದಲ್ಲಿ ಬೇಟೆಗೆ ಬಿಡುವಾಗ ಇವುಗಳ ಕೊರಳಿಗೆ ಮರದ ಗಂಟೆ ಕಟ್ಟುತ್ತಾರೆ, ಸದ್ದಿಲ್ಲದ ನಾಯಿ ಎಲ್ಲಿದೆ ಎಂದು ತಿಳಿಯಬೇಕಲ್ಲ.

ಇಷ್ಟು ಹೇಳುವಷ್ಟರಲ್ಲಿ, ಸದ್ದಿಲ್ಲದ ನಾಯಿ ಎಲ್ಲೂ ಇರಲಿಲ್ಲ.

ಅಳಿಲೊಂದನ್ನು ಕಂಡಿತ್ತಂತೆ. ಅಳಿಲು ಕಂಡ ಬಸೆಂಜಿಯನ್ನು ಕೂಗುವುದೂ ಹೊರಟ ರೈಲನ್ನು ಕೂಗುವುದೂ ಒಂದೇ. ಯಜಮಾನರು ಬಿಸ್ಕತ್ತಿನ ಡಬ್ಬಿ ಗಲಗಲ ಆಡಿಸುತ್ತ ಬೀದಿ ಬೀದಿ ಓಡಿದರು. ಕಾಂಗೋದಲ್ಲಿ ಸದ್ದು ಮಾಡುತ್ತ ಓಡುವುದು ನಾಯಿ. ಇಲ್ಲಿ ಆ ಕೆಲಸ ಇವರ ಪಾಲಿಗೆ ಬಂದಿತ್ತು.

ಮುಕ್ಕಾಲು ಗಂಟೆಯ ಮೇಲೆ ಮಂಡಿಯವರೆಗೆ ಕೆಸರು ಮಾಡಿಕೊಂಡು ಹಿಂತಿರುಗಿದರು. ನಾಯಿ ಅವರಿಗಿಂತ ಮೊದಲೇ ಬಂದು ಜಗುಲಿಯ ಮೇಲೆ ಕೂತು ಪಾದ ನೆಕ್ಕಿಕೊಳ್ಳುತ್ತಿತ್ತು. ತಲೆಯೆತ್ತಿ ಅವರ ಬೂಟು ನೋಡಿ, ಹಣೆ ಇನ್ನಷ್ಟು ಸುಕ್ಕು ಮಾಡಿತು.

"ನೋಡಿದ್ರಾ," ಏದುಸಿರಿನಲ್ಲೇ ಅವರು ನನ್ನತ್ತ ತಿರುಗಿದರು, "ಮನೆಗೆ ತಾನೇ ಬಂದಿದಾನೆ!"