ಮಾವನ ಮೊಣಕೈ

ಜ್ವರ ಬಂದವರನ್ನು ಕಂಡರೆ ನಮ್ಮ ಜನ ‘ಡಾಕ್ಟರಿಗೆ ತೋರಿಸಿದ್ರಾ?’ ಅಂತ ಕೇಳುತ್ತಾರೆ. ಸಕ್ಕರೆ ಕಾಯಿಲೆಯವರನ್ನು ಕಂಡರೆ ‘ಈಗ ಎಷ್ಟಿದೆ?’ ಅನ್ನುತ್ತಾರೆ. ಚರ್ಮದ ಮೇಲೊಂದು ಕೆಂಪು ಪಟ್ಟೆ ಕಂಡರೆ ಮಾತ್ರ ಪ್ರಶ್ನೆಯೇ ಇಲ್ಲ, ನೇರವಾಗಿ ಔಷಧಿ. ‘ಬೇವಿನ ಸೊಪ್ಪು ಅರೆದು ಹಚ್ಚಿ, ಮೂರೇ ದಿನ’ ಅಂತ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೇಳಿ, ಮುಂದಿನ ಸ್ಟಾಪಿನಲ್ಲಿ ಇಳಿದೂ ಹೋಗಿರುತ್ತಾರೆ. ಹೀಗೆ ಹೇಳುವವರು ಊರಿಗೆ ಸಾವಿರ ಜನ. ಹೇಳಿದ್ದನ್ನೆಲ್ಲ ಮಾಡಿ ನೋಡುವವರು ಮನೆತನಕ್ಕೆ ಒಬ್ಬರು. ನಮ್ಮ ಮನೆತನದಲ್ಲಿ ಆ ಪಟ್ಟ ನನ್ನ ಸೋದರಮಾವನಿಗೆ ಸಂದಿದೆ.

ಆಡಿಟ್ ಇಲಾಖೆಯಿಂದ ನಿವೃತ್ತರಾದ ಮಾವ ಇರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಎರಡು ಮೊಣಕೈ, ಒಂದು ಮೊಣಕಾಲು, ಕಿವಿಯ ಹಿಂದೆ ಒಂದಿಷ್ಟು ಜಾಗ, ಇಷ್ಟು ಕಡೆ ಅವರಿಗೆ ಸೋರಿಯಾಸಿಸ್ ಇದೆ. ‘ಏನು ಸಾರ್, ಹುಳುಕಡ್ಡಿಯಾ?’ ಅಂತ ಯಾರಾದರೂ ಕೇಳಿದರೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ‘ಹುಳುಕಡ್ಡಿ ಯಾರಿಂದಲೋ ಅಂಟಿಸಿಕೊಂಡು ಬರೋದು ಕಣಯ್ಯ. ಇದು ನಮ್ಮೊಳಗಿಂದಲೇ ಬರೋದು. ಯಾರಿಗೂ ಅಂಟಲ್ಲ’ ಎಂದು ಪಿತ್ರಾರ್ಜಿತ ಆಸ್ತಿಯ ಬಗ್ಗೆ ಮಾತಾಡುವ ಗತ್ತಿನಲ್ಲಿ ಹೇಳುತ್ತಾರೆ. ಚರ್ಮದ ಡಾಕ್ಟರು ಅವರನ್ನು ಕೂರಿಸಿಕೊಂಡು ವಿವರಿಸಿದ್ದೂ ಅದನ್ನೇ. ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ತಪ್ಪು ತಿಳಿದು ಚರ್ಮವನ್ನು ಅವಸರಪಡಿಸುತ್ತದೆ. ಹುಟ್ಟಿ, ಮೇಲೆ ಬಂದು, ಉದುರುವುದಕ್ಕೆ ತಿಂಗಳು ಹಿಡಿಯಬೇಕಾದ ಜೀವಕೋಶ ನಾಲ್ಕೈದು ದಿನಕ್ಕೇ ಮೇಲೆ ಬಂದು ಕೂರುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಪೇರಿಕೊಂಡು ಬೆಳ್ಳಗೆ ಹೊಟ್ಟೇಳುತ್ತದೆ. ಮಾವ ಇಷ್ಟನ್ನೂ ತಮ್ಮ ಇಲಾಖೆಯ ಭಾಷೆಗೆ ಇಳಿಸಿಕೊಂಡಿದ್ದಾರೆ: ‘ಉತ್ಪಾದನೆ ಜಾಸ್ತಿ, ವಿಲೇವಾರಿ ಕಮ್ಮಿ. ಗೋಡೌನ್ ತುಂಬಿದೆ, ಅಷ್ಟೇ.’

ಡಾಕ್ಟರು ಹೇಳಿದ ರೋಗವನ್ನು ಪೂರ್ತಿ ಒಪ್ಪಿಕೊಂಡ ಮಾವ, ಅವರು ಬರೆದುಕೊಟ್ಟ ಮದ್ದನ್ನು ಮಾತ್ರ ಒಪ್ಪಲಿಲ್ಲ. ತಪ್ಪು ಡಾಕ್ಟರದೇ ಅನ್ನಬೇಕು. ‘ಹತೋಟಿಯಲ್ಲಿ ಇಡಬಹುದು, ಬುಡಸಮೇತ ಕಿತ್ತುಹಾಕುವ ಔಷಧಿ ಇನ್ನೂ ಇಲ್ಲ’ ಎಂದು ನಿಜ ಹೇಳಿಬಿಟ್ಟರು. ಗ್ರಂದಿಗೆ ಅಂಗಡಿಯ ಒಂದೊಂದು ಡಬ್ಬದಲ್ಲೂ ಬುಡಸಮೇತ ಕೀಳುವ ಬೇರು ತುಂಬಿರುವಾಗ ಬರೀ ಹತೋಟಿಗೆ ಯಾರು ಫೀಸು ಕೊಡುತ್ತಾರೆ?

ಮಾವನ ಮದ್ದುಗಳಲ್ಲಿ ಅಗ್ರಪೂಜೆ ಹಾಲೆ ಎಲೆಯ ಎಣ್ಣೆಗೆ. ಬೆಪ್ಪಾಲೆ ಅಂತಲೂ ಅನ್ನುತ್ತಾರೆ. ಚನ್ನಪಟ್ಟಣದ ಗೊಂಬೆ ಕಡೆಯುವುದು ಈ ಮರದಲ್ಲೇ, ತಮಿಳುನಾಡಿನ ಸಿದ್ಧವೈದ್ಯರು ಸೋರಿಯಾಸಿಸ್‌ಗೆ ಕೊಡುವ ಎಣ್ಣೆಯೂ ಇದರ ಎಲೆಯದೇ. ಬೆಂಗಳೂರಿಗೆ ಹೊರಟಾಗಲೆಲ್ಲ ಮಾವ ಚನ್ನಪಟ್ಟಣದಲ್ಲಿ ಇಳಿದು, ಗುರುತಿನವರ ತೋಟದಿಂದ ಒಂದು ಚೀಲ ಎಲೆ ಕಿತ್ತು ತರುತ್ತಾರೆ. ಎಲೆಗೆ ಕಬ್ಬಿಣ ಸೋಕಬಾರದು ಎಂಬುದು ಅವರ ಕಟ್ಟಪ್ಪಣೆ, ಕೈಯಲ್ಲೇ ಹರಿಯಬೇಕು. ಹಳೆಯ ಹಾರ್ಲಿಕ್ಸ್ ಬಾಟಲಿಗೆ ಅದನ್ನು ತುರುಕಿ, ಮುಳುಗುವಷ್ಟು ಗಾಣದ ಕೊಬ್ಬರಿ ಎಣ್ಣೆ ಹೊಯ್ದು, ಬಾಯಿಗೆ ತೆಳ್ಳನೆಯ ಪಂಚೆಯ ತುಂಡು ಕಟ್ಟಿ ತಾರಸಿಯ ಬಿಸಿಲಿಗೆ ಇಡುತ್ತಾರೆ. ಮೊದಲ ದಿನ ಎಲೆ ಹಸಿರು, ಎಣ್ಣೆಗೆ ನೀರಿನ ಬಣ್ಣ. ಬಿಸಿಲು ಬೀಳುತ್ತ ಬೀಳುತ್ತ ಎಲೆ ಕಂದಿ, ಎಣ್ಣೆ ಕೆಂಪಗೆ ತಿರುಗಿ, ಕೊನೆಗೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣ. ಅದನ್ನು ನೋಡುವುದಕ್ಕೆ ಬೀದಿಯ ಮಕ್ಕಳನ್ನೆಲ್ಲ ಕರೆಯುತ್ತಾರೆ. ಇಡೀ ಚಿಕಿತ್ಸೆಯಲ್ಲಿ ಮಾವನಿಗೆ ಅತಿ ಹೆಚ್ಚು ಸುಖ ಸಿಗುವುದು ಈ ಘಟ್ಟದಲ್ಲೇ ಎಂದು ನನ್ನ ಗುಮಾನಿ. ಹಚ್ಚಿಕೊಳ್ಳುವುದು ಆಮೇಲಿನ ಮಾತು. ಹಚ್ಚಿಕೊಂಡ ಮೇಲೆ ಬನಿಯನ್ನು, ದಿಂಬಿನ ಚೀಲ, ಸೋಫಾದ ಎರಡು ಕೈ, ಪಂಚಾಂಗದ ರಟ್ಟು ಎಲ್ಲಕ್ಕೂ ಅದೇ ಬಣ್ಣ. ‘ರೋಗ ಯಾರಿಗೂ ಅಂಟಲ್ಲ ಅಂತಾರೆ, ಸರಿ. ಔಷಧಿ ಮನೆಗೆಲ್ಲ ಅಂಟಿದೆಯಲ್ಲ’ ಎನ್ನುತ್ತಾರೆ ಅತ್ತೆ.

ಹೊರಗೆ ಹಚ್ಚುವುದು ಸುಲಭ, ಒಳಗಿನ ಪಥ್ಯ ಕಷ್ಟ. ನಮ್ಮಲ್ಲಿ ಚರ್ಮದ ವಿಚಾರಕ್ಕೆ ಸಲಹೆ ಕೊಡುವವರೆಲ್ಲ ಊಟದಿಂದ ಏನಾದರೊಂದನ್ನು ಕಳೆಯುತ್ತಾರೆಯೇ ಹೊರತು ಕೂಡಿಸಿದವರನ್ನು ನಾನು ಕಂಡಿಲ್ಲ. ಬದನೆಕಾಯಿ ನಂಜು ಎಂದವರು ಮೊದಲಿಗರು. ಹಲಸಿನ ಹಣ್ಣು ನಂಜು ಎಂದು ಇನ್ನೊಬ್ಬರು. ಟೊಮೇಟೊ, ಕಡಲೆಬೇಳೆ, ಹುಣಸೆಹುಳಿ, ಹಸಿಮೆಣಸಿನಕಾಯಿ ಒಂದೊಂದಾಗಿ ಎದ್ದು ಹೋದವು. ಕಡೆಗೆ ಅತ್ತೆ ಮಾಡುವ ಸಾರಿನಲ್ಲಿ ತೊಗರಿಬೇಳೆಯೂ ಬಿಸಿನೀರೂ ಉಳಿದವು. ಆದರೆ ಪಥ್ಯವೆನ್ನುವುದು ರೋಗಿಗೆ ಎಷ್ಟು ಉಪಯೋಗವೋ, ಸಲಹೆ ಕೊಟ್ಟವರಿಗಂತೂ ಬಹಳ ಉಪಯೋಗ. ಗುಣವಾದರೆ ಅವರ ಔಷಧಿಯಿಂದ ಆಯಿತು. ಆಗದಿದ್ದರೆ ನೀವು ಎಲ್ಲೋ ಒಂದು ಹೋಳು ಬದನೆಕಾಯಿ ತಿಂದಿದ್ದೀರಿ.

ಬಾವಂಚಿ ಬೀಜದ ಪ್ರಸಂಗ ಇದಕ್ಕಿಂತ ಜೋರು. ಅದರ ಎಣ್ಣೆ ಹಚ್ಚಿ ಬಿಸಿಲಿಗೆ ಕೂತರೆ ಎಂಥ ಕಲೆಯೂ ಹೋಗುತ್ತದೆ ಎಂದು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬರು ಹೇಳಿದರು. ಎಷ್ಟು ಹೊತ್ತು ಕೂರಬೇಕೆಂದು ಹೇಳುವಷ್ಟರಲ್ಲಿ ಅವರ ವಾಕಿಂಗ್ ಮುಗಿದಿತ್ತು. ಮಾವ ತಾರಸಿಯಲ್ಲಿ ಪೇಪರು ಪೂರ್ತಿ ಓದಿ ಮುಗಿಸಿ ಕೆಳಗಿಳಿಯುವ ಹೊತ್ತಿಗೆ ತೋಳೆಲ್ಲ ಬೊಬ್ಬೆ. ಬೊಬ್ಬೆ ಒಣಗಿದ ಜಾಗದಲ್ಲಿ ಸೋರಿಯಾಸಿಸ್‌ನ ಹೊಸ ಶಾಖೆ ತೆರೆಯಿತು. ಗಾಯವಾದಲ್ಲಿ ಈ ರೋಗ ಎದ್ದು ಬರುತ್ತದೆಂದು ಜರ್ಮನಿಯ ಹೈನ್ರಿಷ್ ಕೋಬ್ನರ್ 19ನೇ ಶತಮಾನದಲ್ಲೇ ಗುರುತಿಸಿದ್ದನೆಂದೂ, ಹಚ್ಚೆ ಹಾಕಿಸಿಕೊಂಡ ಜಾಗದಲ್ಲಿ, ಕುದುರೆ ಕಚ್ಚಿದ ಜಾಗದಲ್ಲಿ ಕೂಡ ಪಟ್ಟೆ ಎದ್ದದ್ದನ್ನು ಅವನು ನೋಡಿದ್ದನೆಂದೂ ಡಾಕ್ಟರು ಹೇಳಿದರು. ಆವತ್ತಿನಿಂದ ಮಾವ ಅರಮನೆಯ ಮುಂದೆ ಟಾಂಗಾ ನಿಂತಿದ್ದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ.

ಡಾಕ್ಟರು ಪಾಪ, ಬಾವಂಚಿಯನ್ನು ಬೈಯಲೂ ಇಲ್ಲ. ಅದರ ಬೀಜದಲ್ಲಿರುವುದು ಸೋರಾಲೆನ್, ಅದೇ ಬಳಗದ ಮಾತ್ರೆಯನ್ನು ಅಳತೆ ಮಾಡಿ ಕೊಟ್ಟು, ಅಳತೆ ಮಾಡಿದ ನೇರಳಾತೀತ ಬೆಳಕಿನಲ್ಲಿ ನಿಲ್ಲಿಸುವ ಚಿಕಿತ್ಸೆ 1970ರ ದಶಕದಿಂದಲೂ ಆಸ್ಪತ್ರೆಗಳಲ್ಲಿದೆ ಅಂದರು. ಮಾವನ ಕಿವಿಗೆ ‘ಅಳತೆ’ ಎಂಬ ಮಾತೊಂದು ಬೀಳಲಿಲ್ಲ. ‘ಅಂದ್ರೆ ಎಲ್ಲ ನಮ್ಮಿಂದಲೇ ಕದ್ದದ್ದು’ ಅಂದರು. ‘ಹಿಂದೆ ಗೋವಾ ಪುಡಿ ಅಂತಲೂ ಒಂದು ಹಚ್ಚುತ್ತಿದ್ದರು’ ಎಂದು ಡಾಕ್ಟರು ಶುರುಮಾಡಿದ್ದೇ ತಡ, ‘ನೋಡಿ, ಗೋವಾ ಕೂಡ ನಮ್ಮದೇ!’ ಆ ಪುಡಿ ಗೋವಾದ ಹಡಗುಕಟ್ಟೆಯಿಂದ ಹೋಗುತ್ತಿತ್ತೇ ಹೊರತು ಅದರ ಮರ ಇದ್ದದ್ದು ಬ್ರೆಜಿಲ್‌ನಲ್ಲಿ ಎಂಬ ಉಳಿದರ್ಧವನ್ನು ಡಾಕ್ಟರು ಕಾಂಪೌಂಡರಿಗೆ ಹೇಳಿ ಮುಗಿಸಬೇಕಾಯಿತು.

ನಗಲಾಗದ ಪ್ರಸಂಗವೂ ಒಂದಿದೆ. ಯಾರೋ ಹಳ್ಳಿಯ ಕಡೆಯಿಂದ ಚೀಟಿಯಿಲ್ಲದ ಡಬ್ಬಿಯಲ್ಲಿ ‘ಬರೀ ಬೇರು’ ಎಂದು ಒಂದು ಪುಡಿ ತಂದುಕೊಟ್ಟರು. ವಾರದೊಳಗೆ ಮಾವನ ಮೊಣಕೈ ಕೂಸಿನ ಕೆನ್ನೆ. ಪುಡಿ ಮುಗಿಯಿತು, ಕೊಟ್ಟವರು ಫೋನ್ ಎತ್ತಲಿಲ್ಲ, ಎರಡರಷ್ಟು ರೋಗ ಮೈತುಂಬ ಎದ್ದು ಮಾವ ಆಸ್ಪತ್ರೆಯಲ್ಲಿ ಮಲಗಿದರು. ಇಂಥ ಪುಡಿಗೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಥಟ್ಟನೆ ನಿಲ್ಲಿಸಿದರೆ ಹೀಗೇ ಆಗುವುದು ಎಂದರು ಡಾಕ್ಟರು. ಊರಿಗೆಲ್ಲ ಮದ್ದು ಹೇಳುವ ಮಾವ ಆ ಪುಡಿಯ ಹೆಸರನ್ನು ಮಾತ್ರ ಇವತ್ತಿಗೂ ಯಾರ ಮುಂದೆಯೂ ಎತ್ತುವುದಿಲ್ಲ.

ಮಾವನ ನೈಸರ್ಗಿಕ ಸಾಮ್ರಾಜ್ಯಕ್ಕೆ ನಿಜವಾದ ಸವಾಲು ಬಂದದ್ದು ಮಗಳಿಂದ. ಬೆಂಗಳೂರಿನ ಕಂಪನಿಯೊಂದರಲ್ಲಿರುವ ಅವಳು ಒಂದು ಯುಗಾದಿಗೆ ಮನೆಗೆ ಬಂದಾಗ ವೀಗನ್ ಆಗಿದ್ದಳು.

‘ಅಂದ್ರೆ ಏನೇ?’

‘ಪ್ರಾಣಿಯಿಂದ ಬಂದದ್ದು ಏನೂ ತಿನ್ನಲ್ಲ ಅಪ್ಪ.’

‘ನಾವು ತಲತಲಾಂತರದಿಂದ ಅದೇ ಅಲ್ವೇನೇ?’

‘ಹಾಲು?’ ಅಂದಳು.

ಅಡುಗೆಮನೆಯಲ್ಲಿ ಅತ್ತೆ ಬೆಣ್ಣೆ ಕಾಯಿಸುತ್ತಿದ್ದರು. ಘಮ ನಡುಮನೆಗೆ ಬಂದಿತ್ತು. ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತವರ ಗೆಳೆಯರು ವೀಗನ್ ಸೊಸೈಟಿ ಕಟ್ಟಿಕೊಂಡದ್ದೂ ಈ ಹಾಲಿನ ಜಗಳದಿಂದಲೇ. ಮಾಂಸ ಬಿಟ್ಟ ಸಸ್ಯಾಹಾರಿಗಳು ಹಾಲು ಮೊಟ್ಟೆಯನ್ನೂ ಬಿಡಬೇಕು ಎಂಬುದು ಅವರ ಪಟ್ಟು. ಒಬ್ಬಟ್ಟಿನ ಮೇಲೆ ತುಪ್ಪ ಬೀಳುವುದನ್ನು ನೋಡದವರು, ಧೈರ್ಯವಾಗಿ ಬಿಟ್ಟರು.

ಅಪ್ಪನ ಮೊಣಕೈಗೂ ಹಾಲೇ ಮೂಲ ಎಂದು ಮಗಳು ತೀರ್ಪು ಕೊಟ್ಟಳು. ಮಾವ ಎದುರಾಡಲಿಲ್ಲ. ಹೊಸ ಚಿಕಿತ್ಸೆಯನ್ನು ಅವರು ಎಂದೂ ಬಾಗಿಲಿನಿಂದ ಹಿಂದಕ್ಕೆ ಕಳಿಸಿದವರಲ್ಲ. ಬೀರುವಿನ ಮದ್ದುಗಳೆಲ್ಲ ಊಟದ ಮೇಜಿನ ಮೇಲೆ ಸಾಲಾಗಿ ನಿಂತವು, ಆಡಿಟ್ ಆರಂಭವಾಯಿತು. ಹಾಲೆ ಎಣ್ಣೆ, ಹೊಂಗೆ ಎಣ್ಣೆ, ಲೋಳೆಸರ ಪಾಸು. ಶತಧೌತ ಘೃತ, ಅಂದರೆ ಅತ್ತೆ ತಾಮ್ರದ ತಟ್ಟೆಯಲ್ಲಿ ತುಪ್ಪಕ್ಕೆ ನೀರು ಹಾಕಿ ಹಾಕಿ, ಕೈ ಸೋಲುವಂತೆ ನೂರು ಸಲ ತೊಳೆದು ಬೆಳ್ಳಗೆ ಮಾಡಿಟ್ಟಿದ್ದ ಮುಲಾಮು, ಫೇಲು. ಜೇನು ಫೇಲು. ಗೋಮೂತ್ರದ ಅರ್ಕದ ಪರವಾಗಿ ಮಾವ ವಾದ ಮಾಡಿದರು: ‘ಇದು ಹಸು ತಾನಾಗೇ ಬಿಟ್ಟಿದ್ದು ಕಣೇ. ನಾವು ಕಿತ್ಕೊಂಡದ್ದಲ್ಲ.’ ಅರ್ಜಿ ವಜಾ ಆಯಿತು. ಪೂಜೆಯ ಪಂಚಾಮೃತವೂ ಪರಿಶೋಧನೆಗೆ ಒಳಗಾಯಿತು. ಹಾಲು, ಮೊಸರು, ತುಪ್ಪ, ಜೇನು ನಾಲ್ಕೂ ಹೋಗಿ ಸಕ್ಕರೆ ಉಳಿಯಿತು. ಸಕ್ಕರೆ ಆಗಲೇ ನಂಜಿನ ಪಟ್ಟಿಯಲ್ಲಿತ್ತು. ಕಡೆಗೆ, ಡಾಕ್ಟರು ಎಂದೋ ಬರೆದುಕೊಟ್ಟು, ಮಾವ ‘ಕೆಮಿಕಲ್’ ಎಂದು ಮೂಲೆಗೆ ತಳ್ಳಿದ್ದ ಕೋಲ್ ಟಾರ್ ಮುಲಾಮಿನ ಸರದಿ. ‘ಕಲ್ಲಿದ್ದಲು ಅಂದ್ರೆ ಕೋಟ್ಯಂತರ ವರ್ಷದ ಹಿಂದಿನ ಗಿಡಮರ ಅಪ್ಪ. ಟಾರು ಬರೋದು ಅದರಿಂದಲೇ. ನಿಮ್ಮ ಎಲ್ಲ ಮದ್ದಿಗಿಂತ ಹಳೇ ಗಿಡಮೂಲಿಕೆ ಇದೇ’ ಅಂದಳು ಮಗಳು.

ಮಾವ ಟ್ಯೂಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ‘ಅಷ್ಟು ಹಳೇದಾದ್ರೆ ಎಕ್ಸ್‌ಪೈರಿ ಆಗಿರಲ್ವೇನೇ?’

ಮೊಸರಿಗೆ ಪರ್ಯಾಯ ಕಂಡುಹಿಡಿಯುವುದು ಅತ್ತೆಯ ಪಾಲಿಗೆ ಬಂತು. ಕಡಲೆಕಾಯಿ ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಬಂದ ಹಾಲನ್ನು ಕಾಯಿಸಿ ಆರಿಸಬೇಕು. ಹೆಪ್ಪಿಗೆ ಮೊಸರು ಮುಟ್ಟುವಂತಿಲ್ಲವಾದ್ದರಿಂದ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಅದರಲ್ಲಿ ಹಾಕಿಡಬೇಕು. ‘ಮೆಣಸಿನಕಾಯಿ ನಂಜು ಅಂತಿದ್ರಲ್ಲ?’ ಅಂದರು ಅತ್ತೆ. ‘ಕಾಯಿ ನಂಜು, ತೊಟ್ಟು ನಂಜಲ್ಲ’ ಎಂದು ಮಾವ ಆ ಕ್ಷಣದಲ್ಲೇ ಸುತ್ತೋಲೆ ಹೊರಡಿಸಿದರು. ಮೊಸರೇನೋ ಗಟ್ಟಿಯಾಯಿತು. ಕಾಫಿ ಮಾತ್ರ ಸೋತಿತು. ತೆಂಗಿನ ಹಾಲು ಹಾಕಿದ ಫಿಲ್ಟರ್ ಕಾಫಿ ಲೋಟದಲ್ಲೇ ಒಡೆದು ಎರಡು ಪಕ್ಷವಾಗಿ ನಿಂತಿತು. ಅಂದಿನಿಂದ ಸಂಜೆ ನಾಲ್ಕಕ್ಕೆ ಸರಿಯಾಗಿ ಮಾವನಿಗೆ ಪಕ್ಕದ ಮನೆಯಲ್ಲಿ ಏನಾದರೂ ಕೆಲಸ ಇರುತ್ತದೆ. ‘ಅವರು ಕೊಟ್ಟಾಗ ಬೇಡ ಅನ್ನಕ್ಕಾಗುತ್ತಾ?’

ಮೇ ತಿಂಗಳ ಹೊತ್ತಿಗೆ ಮೊಣಕೈ ತಿಳಿಯಾಯಿತು. ಮಾವ ಕಂಡಕಂಡವರಿಗೆಲ್ಲ ವೀಗನ್ ದೀಕ್ಷೆ ಕೊಡತೊಡಗಿದರು. ಅಷ್ಟರಲ್ಲಿ ಮಗಳು, ಅಂಕಿ ಅಂಶ ಕೆದಕುವುದೇ ಕಸುಬಾದವಳು, ಅಪ್ಪನ ಹಳೆಯ ಡೈರಿಗಳನ್ನು ತೆಗೆದು ಕೂತಳು. ವರ್ಷವರ್ಷದ ಡೈರಿಯಲ್ಲೂ ಕೆಂಪಿಂಕಿನಲ್ಲಿ ಔಷಧಿ, ಹಸಿರಿಂಕಿನಲ್ಲಿ ಫಲ, ಸ್ಕೇಲು ಹಿಡಿದು ಅಳೆದ ಪಟ್ಟೆಯ ಉದ್ದಗಲ. ಹಾಲೆ ಎಣ್ಣೆಯಿಂದ ಗುಣ: ಏಪ್ರಿಲ್. ಅಮೃತಬಳ್ಳಿ ಕಷಾಯದಿಂದ ಗುಣ: ಏಪ್ರಿಲ್. ಗರಿಕೆ ರಸದಿಂದ ಗುಣ: ಮೇ. ಏನೂ ಮಾಡದೆ ಮಗನ ಮದುವೆಗೆ ಓಡಾಡಿದ ವರ್ಷದಲ್ಲೂ ಗುಣ, ಅದೂ ಏಪ್ರಿಲ್. ‘ಪಥ್ಯ ತಪ್ಪಿತು’ ಎಂಬ ಷರಾಗಳೆಲ್ಲ ಮಾಗಿಯ ಚಳಿಯಲ್ಲಿ. ಈ ರೋಗ ಬಹುತೇಕರಿಗೆ ಚಳಿಯಲ್ಲಿ ಕೆರಳಿ ಬೇಸಿಗೆಯಲ್ಲಿ ತಗ್ಗುತ್ತದೆ, ಹಿತಮಿತವಾದ ಬಿಸಿಲೇ ಇದಕ್ಕೆ ಮದ್ದು, ಆಸ್ಪತ್ರೆಯ ದೀಪದಿಂದ ಕೊಡುವುದೂ ಸೂರ್ಯನ ಬೆಳಕಿನದೇ ಒಂದು ತುಣುಕು ಎಂದು ಅವಳು ಪಟ್ಟಿ ಮಾಡಿ ಅಪ್ಪನ ಮುಂದೆ ಹಿಡಿದಳು.

ಮಾವ ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. ಲೆಕ್ಕ ತಾಳೆಯಾಗುತ್ತದೆ ಎಂದು ಒಪ್ಪಿದರು. ಆಮೇಲೆ ಅಂದರು: ‘ಹಾಗಾದ್ರೆ ನನ್ನ ಔಷಧಿ ಎಲ್ಲವೂ ಸರಿ. ಚಳಿಗಾಲ ಒಂದು ತಪ್ಪು.’

ಮಾವನನ್ನು ಹೀಗೆ ನಗೆಗೆ ಹಿಡಿಯುವುದು ಸುಲಭ, ನಾನೂ ಹಿಡಿದಿದ್ದೇನೆ. ಆದರೆ ಅವರ ಜೊತೆ ನಾಲ್ಕು ಕಡೆ ಓಡಾಡಿದವರಿಗೆ ಇನ್ನೊಂದು ಸಂಗತಿ ಕಾಣುತ್ತದೆ. ಕ್ಷೌರದ ಅಂಗಡಿಯಲ್ಲಿ ಇವರ ಕಿವಿಯ ಹಿಂದೆ ಕಂಡೊಡನೆ ಕತ್ತರಿ ಒಂದು ಕ್ಷಣ ನಿಲ್ಲುತ್ತದೆ. ಊಟದ ಪಂಕ್ತಿಯಲ್ಲಿ ಪಕ್ಕದವರು ತಮ್ಮ ಎಲೆಯನ್ನು ಎರಡು ಬೆರಳಿನಷ್ಟು ಆಚೆಗೆ ಸರಿಸುತ್ತಾರೆ. ಅವರು ಸರಿಸುವ ಮೊದಲೇ ಮಾವ ಮಾತು ತೆಗೆಯುತ್ತಾರೆ: ‘ಇದು ಸೋರಿಯಾಸಿಸ್. ಇದಕ್ಕೆ ಹಾಲೆ ಎಲೆ ಅಂತ ಬರುತ್ತೆ ನೋಡಿ...’ ಮುಂದಿನವರು ಎಲೆ ಸರಿಸುವುದನ್ನು ಮರೆತು ಎಲೆ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ಅವರ ಚಿಕ್ಕಪ್ಪನ ಮಗನಿಗೂ ಅಂಥದ್ದೇ ಏನೋ ಇರುತ್ತದೆ.

ಹೋದ ಕಾರ್ತೀಕದಲ್ಲಿ ನಂಜನಗೂಡಿನ ಒಂದು ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಚಳಿ ಬಿದ್ದು ಮಾವನ ಮೊಣಕೈ ಮತ್ತೆ ಬೆಳ್ಳಗಾಗಿತ್ತು. ಎಲೆಗೆ ಉಪ್ಪು ಬೀಳುವಷ್ಟರಲ್ಲೇ ಪಕ್ಕದಲ್ಲಿ ಕೂತಿದ್ದ ಹಿರಿಯರು ನೋಡಿಬಿಟ್ಟರು. ಮಾವ ಬಾಯಿ ತೆರೆಯುವ ಮೊದಲೇ ಅವರು ಶುರುಮಾಡಿದರು.

‘ನೀವು ತಪ್ಪು ತಿಳೀಬೇಡಿ, ಒಂದು ಮಾತು ಹೇಳ್ತೀನಿ. ಹಾಲೆ ಎಲೆ ತರಿಸಿ. ಕಬ್ಬಿಣ ಸೋಕಿಸಬಾರದು. ಕೊಬ್ಬರಿ ಎಣ್ಣೇಲಿ ಹಾಕಿ ಬಿಸಿಲಿಗೆ ಇಟ್ರೆ ನೇರಳೆ ಬಣ್ಣ ಬರುತ್ತೆ. ಮೈಸೂರಲ್ಲಿ ಯಾರೋ ಆಡಿಟ್ ಆಫೀಸರಂತೆ, ಮೈಯೆಲ್ಲ ಹರಡಿತ್ತಂತೆ. ಇದನ್ನೇ ಹಚ್ಚಿ, ಹಾಲು ಮೊಸರು ಬಿಟ್ಟು, ಈಗ ಒಂದು ಚುಕ್ಕೆ ಇಲ್ವಂತೆ!’

ನಾನು ಮಾವನ ಮುಖ ನೋಡಿದೆ. ಅವರು ತುಪ್ಪದ ಗಿಂಡಿ ತಂದವನಿಗೆ ಕೈ ಅಡ್ಡ ಹಿಡಿದು, ಜೇಬಿನಿಂದ ಹಸಿರಿಂಕಿನ ಪೆನ್ನು ತೆಗೆದು, ಹಿರಿಯರ ಕಡೆ ವಾಲಿದರು.

‘ಹೌದೇ? ಪಥ್ಯ ಏನೇನು ಮಾಡಿದ್ರಂತೆ ಅವರು?’