ಕಿವಿ ಹಿಡಿದುಕೊಂಡು ಗುಡ್ಡಕ್ಕೆ: ಬಳಕೆದಾರರ ಕೈಪಿಡಿ

ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ, ಟ್ರ್ಯಾಕ್ಟರು, ಟಂಟಂ ಹತ್ತಿ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಸಕಲರಿಗೂ ಈ ಕೈಪಿಡಿ ಅನ್ವಯಿಸುತ್ತದೆ. ರಾಮದುರ್ಗದ ಕಡೆ ಗೊಡಚಿ ಜಾತ್ರೆಗೆ ಹೋಗಿ ಬಳುವಲ ಹಣ್ಣಿನ ಜೊತೆಗೆ ನೆಗಡಿಯನ್ನೂ ತಂದವರು, ಬೈಲಹೊಂಗಲ ದಾಟಿ ಸೊಗಲದ ಜಲಪಾತಕ್ಕೆ ತಲೆ ಕೊಟ್ಟು ನಿಂತವರು ಸಹ ಬಳಸಬಹುದು. ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಸ್ಪೀಕರಿನ ಬುಡದಲ್ಲೇ ಜಾಗ ಹಿಡಿದವರ ಕಿವಿಗೆ ಇಲ್ಲಿ ಪರಿಹಾರವಿಲ್ಲ. ಓದುವ ಮೊದಲು ಕಿವಿಯೊಳಗಿನ ಬೆರಳು ತೆಗೆಯಿರಿ.

ಪೆಟ್ಟಿಗೆಯಲ್ಲಿ ಏನೇನಿದೆ

ಕಿವಿ, ಎರಡು. ಪ್ರತಿಯೊಂದರಲ್ಲೂ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಓಣಿ, ಓಣಿಯ ಕೊನೆಗೆ ತಮಟೆ. ತಮಟೆಯ ಆಚೆ ಒಂದು ಪುಟ್ಟ ಕೋಣೆ. ಆ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಒಂದು ನಳಿಗೆ. ಸಣ್ಣ ಮಕ್ಕಳಲ್ಲಿ ಈ ನಳಿಗೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ. ಹಾಗಾಗಿ ಮೂಗಿನ ಕೇಡು ಕಿವಿಗೆ ಹೋಗಲು ಬಹಳ ಹೊತ್ತು ಬೇಕಿಲ್ಲ. ಓಣಿಯಲ್ಲಿ ಸಿಗುವ ಗುಗ್ಗಿ ಕೊಳೆಯಲ್ಲ. ನೀರು ಇಂಗದಂತೆ, ಸೋಂಕು ಹತ್ತದಂತೆ ತಯಾರಕರೇ ಬಳಿದು ಕಳಿಸಿದ ಮೇಣ. ಸಮಯ ಬಂದಾಗ ತಾನೇ ಹೊರಗೆ ಬರುತ್ತದೆ. ಬೈಕಿನ ಕೀಲಿ, ಹೇರ್‌ಪಿನ್ನು, ಕಡ್ಡಿಪೆಟ್ಟಿಗೆಯ ಕಡ್ಡಿ, ಕೋಳಿಪುಚ್ಚ ಇವು ಪೆಟ್ಟಿಗೆಯ ಜೊತೆ ಬಂದಿಲ್ಲ ಎಂಬುದನ್ನು ಗಮನಿಸಿ.

ಸೋಂಕಿನ ಅಳವಡಿಕೆ

ಎರಡು ಮಾದರಿಗಳು ಲಭ್ಯ. ಮೊದಲನೆಯದು ಓಣಿ ಮಾದರಿ. ಗುಡ್ಡ ಏರುವ ಮುನ್ನ ಜೋಗುಳಬಾವಿಯಲ್ಲಿ ಮೀಯಿರಿ, ಅದು ಸಾಲದೆಂದು ಎಣ್ಣೆಹೊಂಡದಲ್ಲೂ ಮುಳುಗಿ. ಕಿವಿ ಒರೆಸಿಕೊಳ್ಳಬೇಡಿ. ನೆನೆದ ಚರ್ಮ ತುರಿಸತೊಡಗಿದಾಗ ಮೇಲೆ ಹೇಳಿದ ಕೀಲಿಯಿಂದ ಒಂದು ಗೀರು ಎಳೆಯಿರಿ. ಗುಡಿಯ ಮುಂದೆ ‘ಉಧೋ ಉಧೋ’ ಎಂದು ಜನ ಭಂಡಾರ ತೂರುವಾಗ ಮುಖ ಮೇಲೆತ್ತಿ ನಿಂತರೆ ಅರಿಸಿನದ ಹುಡಿಯೂ ಒಳಗಿಳಿದು ಒದ್ದೆಯಲ್ಲಿ ಕಲೆತು ಗಟ್ಟಿಯಾಗುತ್ತದೆ. ಅಳವಡಿಕೆ ಪೂರ್ಣವಾಯಿತು.

ಎರಡನೆಯದು ಕೋಣೆ ಮಾದರಿ, ಹೆಚ್ಚಾಗಿ ಮಕ್ಕಳಿಗೆ. ಇದಕ್ಕೆ ನೀರು ಬೇಡ. ಒಂದು ಸಾದಾ ನೆಗಡಿ ಸಾಕು. ತಮಟೆಯ ಹಿಂದೆ ಕೀವು ತುಂಬುತ್ತದೆ.

ಯಾವ ಮಾದರಿ ಬಂದಿದೆ ಎಂದು ಹೀಗೆ ಪರೀಕ್ಷಿಸಿ. ಕಿವಿ ತೂತಿನ ಮುಂದೆ, ಕೆನ್ನೆಯ ಕಡೆ, ಮೆದು ಎಲುಬಿನ ಒಂದು ಉಬ್ಬು ಇದೆ. ಅದನ್ನು ಒತ್ತಿದರೆ, ಇಲ್ಲವೇ ಕಿವಿ ಹಿಡಿದು ಜಗ್ಗಿದರೆ ನೋವು ನೆತ್ತಿಗೇರುತ್ತದೆಯೇ? ಬಹುತೇಕ ಓಣಿಯದು. ಜಗ್ಗಿದರೂ ಅಷ್ಟೇನೂ ಇಲ್ಲ, ಆದರೆ ನೆಗಡಿ, ಜ್ವರ, ಒಳಗೆ ಚುಳುಕು ಇದೆಯೇ? ಬಹುತೇಕ ಕೋಣೆಯದು. ಪರೀಕ್ಷೆಯನ್ನು ಒಂದೇ ಸಲ ಮಾಡಿ. ಬಂದವರೆಲ್ಲ ಮಗುವಿನ ಕಿವಿ ಜಗ್ಗಿ ನೋಡುವ ಅಗತ್ಯವಿಲ್ಲ.

ಸಲಹೆಗಾರರ ಜೋಡಣೆ

ಕಿವಿ ನೋಯುವುದು ರಾತ್ರಿ. ಚಕ್ಕಡಿಯ ಕೊಳ್ಳು ಹರಿದು, ಎತ್ತಿಗೆ ಕಣಿಕೆ ಹಾಕಿ, ರೊಟ್ಟಿ ಶೇಂಗಾಚಟ್ನಿ ಮುಗಿಸಿ ಎಲ್ಲರೂ ಅಡ್ಡಾದ ಮೇಲೆ ಮಗು ಎದ್ದು ಕೂರುತ್ತದೆ. ಮಲಗಿದಾಗ ಒಳಗಿನ ಒತ್ತಡ ಹೆಚ್ಚುವುದರಿಂದ ಹೀಗೆ. ಮಗು ಒಂದು ಸಲ ಚೀರಿದರೆ ಸಾಕು, ಸಲಹೆಗಾರರು ತಾವಾಗಿಯೇ ಜೋಡಣೆಯಾಗುತ್ತಾರೆ. ಪ್ರತ್ಯೇಕ ತಂತಿ ಬೇಕಿಲ್ಲ.

ಮೊದಲು ಬರುವುದು ಪಕ್ಕದ ಚಕ್ಕಡಿಯ ಆಯಿ. ‘ಕುಸಬಿ ಎಣ್ಣ್ಯಾಗ ನಾಕ್ ಎಸಳು ಬಳ್ಳೊಳ್ಳಿ ಕಾಸಿ ಬಿಡವಾ, ಮುಂಜಾನಿ ಅನ್ನೂದ್ರಾಗ ಹುಡುಗ ಜಿಗದಾಡ್ತಾನ.’ ಕಬ್ಬಿಣದ ಸೌಟು, ಮೂರು ಕಲ್ಲಿನ ಒಲೆ, ಚಟಪಟ ಎನ್ನುವ ಬಳ್ಳೊಳ್ಳಿ. ಎಣ್ಣೆ ಆರಿದೆಯೇ ಎಂದು ಆಯಿ ತನ್ನ ಬೆರಳಿನಿಂದ ಪರೀಕ್ಷಿಸುತ್ತಾಳೆ. ನಲವತ್ತು ವರ್ಷ ಹಂಚಿನ ಮೇಲೆ ರೊಟ್ಟಿ ತಿರುವಿದ ಆ ಬೆರಳಿಗೆ ಕುದಿಯುವುದೂ ತಣ್ಣಗೇ ಎಂಬುದು ತಯಾರಕರ ಗಮನಕ್ಕೆ ಬಂದಿದೆ. ಕಿವಿಯೋಣಿ ಸುಟ್ಟ ಮಕ್ಕಳನ್ನು ವೈದ್ಯರು ಕಾಣುವುದು ಹೀಗೆಯೇ. ಆಯಿಯ ಬೆನ್ನಿಗೆ ತುಂಬೆ ರಸದ ಕಾಕಾ. ಅವನ ಹಿಂದೆ ಎದೆಹಾಲು ಹಿಂಡಿಸಬೇಕೆನ್ನುವ ಅತ್ತೆ. ಬೆಳಗಾದ ಮೇಲೆ ಜಾತ್ರೆಯಲ್ಲಿ ಉದ್ದ ಕಡ್ಡಿ, ಹತ್ತಿ ಹಿಡಿದು ಅಡ್ಡಾಡುವ ಗುಗ್ಗಿ ತೆಗೆಯುವವ. ನಿಮ್ಮ ಕಿವಿಯಿಂದ ಅವನು ತೆಗೆದು ತೋರಿಸುವ ಗುಗ್ಗಿಯ ಗಾತ್ರ ಕೆಲವೊಮ್ಮೆ ಕಿವಿಗಿಂತ ದೊಡ್ಡದಿರುತ್ತದೆ. ಕೊನೆಗೆ ಮೆಡಿಕಲ್ ಶಾಪು. ಅಲ್ಲಿ ಅಂಗಡಿಯಾತ ಕತ್ತರಿಯಿಂದ ಸ್ಟ್ರಿಪ್ಪು ಕತ್ತರಿಸಿ ಎರಡೇ ಎರಡು ಆ್ಯಂಟಿಬಯಾಟಿಕ್ ಗುಳಿಗೆ ಕೊಡುತ್ತಾನೆ, ಒಂದು ರೋಗಿಗೆ, ಒಂದು ಮನೆಯವರ ಸಮಾಧಾನಕ್ಕೆ.

ಈಗ ಈ ಯಂತ್ರದ ಗುಟ್ಟು. ಕೋಣೆಯಲ್ಲಿ ಕೀವಿನ ಒತ್ತಡ ಏರಿ ಏರಿ ಒಂದು ಹಂತದಲ್ಲಿ ತಮಟೆ ಹರಿಯಬಹುದು. ಹರಿದೊಡನೆ ಕೀವು ಹೊರಗೆ ಸುರಿಯುತ್ತದೆ, ನೋವು ಥಟ್ಟನೆ ನಿಲ್ಲುತ್ತದೆ, ಮಗು ನಿದ್ದೆಹೋಗುತ್ತದೆ. ಆ ಗಳಿಗೆಯಲ್ಲಿ ಯಾರ ಸೌಟು ಕಿವಿಯ ಹತ್ತಿರ ಇತ್ತೋ ಅವರೇ ವೈದ್ಯರು. ‘ನೋಡವಾ, ಹೊಲಸೆಲ್ಲಾ ಕಿತ್ಕೊಂಡು ಬಂತು’ ಎಂದು ಆಯಿ ಮುಂದಿನ ಹತ್ತು ಜಾತ್ರೆಗೆ ಸಾಲುವಷ್ಟು ಹೆಸರು ಗಳಿಸುತ್ತಾಳೆ. ತಮಟೆ ಹರಿಯದಿದ್ದರೂ ಅವಳಿಗೆ ಸೋಲಿಲ್ಲ: ಕೋಣೆಯ ಸೋಂಕು ಹೆಚ್ಚಿನ ಮಕ್ಕಳಲ್ಲಿ ಮೂರು ದಿನದೊಳಗೆ ತಾನಾಗಿಯೇ ಇಳಿಯುತ್ತದೆ. ಆ ಮೂರು ದಿನದಲ್ಲಿ ಕಿವಿಗೆ ಬಳ್ಳೊಳ್ಳಿ ಬಿಟ್ಟರೂ ಅಷ್ಟೇ, ಬೆಲ್ಲದ ಚಹಾ ಬಿಟ್ಟರೂ ಅಷ್ಟೇ, ಮೂರನೆಯ ದಿನ ಅದಕ್ಕೆ ಸರ್ಟಿಫಿಕೇಟು ಸಿಗುತ್ತದೆ. ಬಿಟ್ಟದ್ದು ಮಾತ್ರ ಒಳಗೇ ಉಳಿಯುತ್ತದೆ. ಹರಿದ ತಮಟೆಯ ಮೂಲಕ ಕೋಣೆಗಿಳಿಯುತ್ತದೆ, ಇಲ್ಲವೇ ಓಣಿಯಲ್ಲಿ ನಿಂತು ಬೂಷ್ಟಿಗೆ ಮೇವಾಗುತ್ತದೆ. ಎಣ್ಣೆ ಬಿಡುವ ರೂಢಿಯವರ ಕಿವಿಯಲ್ಲಿ ವೈದ್ಯರಿಗೆ ಆಗಾಗ ಕಾಣುವುದು ಒದ್ದೆ ಪೇಪರಿನ ಮೇಲೆ ಕರಿಚುಕ್ಕಿ ಇಟ್ಟಂಥ ಆಸ್ಪರ್ಜಿಲಸ್ ಬೂಷ್ಟು.

ಎಣ್ಣೆಯ ಒಂದು ಅಧಿಕೃತ ಬಳಕೆ

ಜೀವಂತ ಹುಳ ಹೊಕ್ಕಾಗ. ಬಯಲಿನಲ್ಲಿ ದೀಪದ ಬುಡದಲ್ಲಿ ಮಲಗಿದವರಿಗೆ ಇದು ಆಗುವುದೇ. ಕಿವಿ ಮೊದಲಿನಿಂದ ಸೋರುತ್ತಿರದಿದ್ದರೆ, ತಮಟೆ ಹರಿದ ಇತಿಹಾಸ ಇರದಿದ್ದರೆ, ಉಗುರುಬೆಚ್ಚಗಿನ ಕೊಬ್ಬರಿಎಣ್ಣೆ ಕೆಲವು ಹನಿ ಬಿಡಿ. ಹುಳ ಸಾಯುತ್ತದೆ, ತಮಟೆಯ ಮೇಲೆ ಅದರ ಕುಣಿತ ನಿಲ್ಲುತ್ತದೆ. ಹೆಣ ತೆಗೆಯುವ ಕೆಲಸ ವೈದ್ಯರದು. ಜೋಳದ ಕಾಳೋ ಕಡಲೆಯೋ ಸಿಕ್ಕಿದ್ದರೆ ನೀರು ಹಾಕಬೇಡಿ, ಉಬ್ಬಿ ಬಿಗಿಯುತ್ತದೆ. ಜಾತ್ರೆಯ ಮಿಣಿಮಿಣಿ ಆಟಿಕೆಯೊಳಗಿನ ಬಟನ್ ಸೆಲ್ ಸಿಕ್ಕಿದ್ದರೆ ಯಾವ ಹನಿಯೂ ಬೇಡ, ಬೆಳಗಾಗುವವರೆಗೆ ಕಾಯುವುದೂ ಬೇಡ. ಅದು ಕೆಲವೇ ತಾಸುಗಳಲ್ಲಿ ಒಳಗಿನ ಚರ್ಮವನ್ನು ಸುಡುತ್ತದೆ.

ನಿಜವಾದ ಚಿಕಿತ್ಸೆ

ಈ ಅಧ್ಯಾಯ ಬೇಸರ ತರಿಸುತ್ತದೆ. ಇದರಲ್ಲಿ ಯಾರಿಗೂ ಹೆಸರು ಬರುವುದಿಲ್ಲ. ನೋವಿಗೆ ಪ್ಯಾರಾಸಿಟಮಾಲ್. ಮಕ್ಕಳಿಗೆ ತೂಕದ ಲೆಕ್ಕ: ಒಂದು ಕಿಲೋಗೆ 15 ಮಿಲಿಗ್ರಾಂ, ನಡುವೆ ಆರು ತಾಸು ಬಿಡುವು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಸಿರಪ್ಪಿನ ಬಾಟಲಿಯ ಮೇಲಿನ ಸಣ್ಣ ಅಕ್ಷರವನ್ನು ಮೊಬೈಲ್ ಬೆಳಕಿನಲ್ಲಿ ಓದಲೇಬೇಕು. 5 ಮಿಲಿಗೆ 125 ಮಿಲಿಗ್ರಾಮಿನದೂ ಇದೆ, 250ರದೂ ಇದೆ. ಹತ್ತು ಕಿಲೋ ಮಗುವಿಗೆ ಮೊದಲನೆಯದರಲ್ಲಿ 6 ಮಿಲಿ, ಎರಡನೆಯದರಲ್ಲಿ 3. ‘ಒಂದು ಮುಚ್ಚಳ’ ಎಂಬುದು ಅಳತೆಯಲ್ಲ. ಆ್ಯಸ್ಪಿರಿನ್ ಮಕ್ಕಳಿಗೆ ಕೊಡಬೇಡಿ.

ಕಿವಿ ಸೋರುತ್ತಿದ್ದರೆ ಒಣಗಿಸಿ. ಒಗೆದು ಒಣಗಿಸಿದ ಹಳೇ ಧೋತರದ ಚುಂಗು ಹರಿದು ಬತ್ತಿ ಹೊಸೆಯಿರಿ. ಮಗುವಿನ ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಕಡ್ಡಿಗೆ ಸುತ್ತದೆ, ಬರೀ ಬತ್ತಿಯನ್ನೇ ಇಡಿ. ನೆಂದಾಗ ಅದನ್ನು ಎಸೆದು ಇನ್ನೊಂದು. ಬತ್ತಿ ಒಣಗಿ ಬರುವ ತನಕ, ದಿನಕ್ಕೆ ಮೂರು ಹೊತ್ತು. ಹರಿದ ತಮಟೆ ಹೀಗೆ ಒಣಗಿಟ್ಟರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ಕೂಡಿಕೊಳ್ಳುತ್ತದೆ. ತಲೆ ಮೇಲೆ ನೀರು ಬೇಡ. ಎಲ್ಲಮ್ಮನಿಗೆ ಮೈಸ್ನಾನ ಸಾಕು, ಅವಳು ಇದನ್ನೆಲ್ಲ ನೋಡಿದವಳು.

ಯಾರದೋ ಉಳಿದ ಡ್ರಾಪ್ಸ್ ಹಾಕಬೇಡಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವಂಥವು ಹರಿದ ತಮಟೆಯ ಮೂಲಕ ಒಳಕಿವಿಗೆ ಇಳಿದರೆ ನೋವಿನ ಜೊತೆ ಕೇಳುವ ಶಕ್ತಿಯೂ ಹೋಗಬಹುದು. ಯಾವ ಹನಿ ಎಂಬುದನ್ನು ತಮಟೆ ನೋಡಿದವರೇ ಹೇಳಬೇಕು.

ದೋಷ ಕಂಡುಬಂದಲ್ಲಿ

ಕಿವಿಯ ಹಿಂದಿನ ಎಲುಬು ಬಾತು ಕೆಂಪಾಗಿ ಕಿವಿ ಮುಂದಕ್ಕೆ ತಳ್ಳಿಕೊಂಡಿದೆ. ಬಾಯಿ ಒಂದು ಕಡೆ ಸೊಟ್ಟಗಾಗಿದೆ. ತಲೆ ತಿರುಗಿ ನಿಲ್ಲಲಾಗುತ್ತಿಲ್ಲ, ಕುತ್ತಿಗೆ ಬಗ್ಗುತ್ತಿಲ್ಲ, ಮಗು ಎಚ್ಚರಗೊಳ್ಳದೆ ಮಂಕಾಗಿದೆ. ಶುಗರ್ ಇರುವ ಹಿರಿಯರಿಗೆ ಕಿವಿನೋವಿನಿಂದ ನಿದ್ದೆಯೇ ಇಲ್ಲ. ಅವರಲ್ಲಿ ಓಣಿಯ ಸೋಂಕು ತಲೆಯ ಎಲುಬಿಗೂ ಇಳಿಯಬಲ್ಲದು. ಇವುಗಳಲ್ಲಿ ಯಾವುದೇ ಒಂದಿದ್ದರೂ ಕೈಪಿಡಿ ಮಡಚಿ 108ಕ್ಕೆ ಫೋನ್ ಮಾಡಿ. ಇವು ಇಲ್ಲದಿದ್ದರೂ ಎರಡು ವರ್ಷದೊಳಗಿನ ಮಗು, ಸೋರುವ ಕಿವಿ, ಮೂರು ದಿನಕ್ಕೂ ಬಗ್ಗದ ನೋವು ಇವಕ್ಕೆ ವೈದ್ಯರೇ ಬೇಕು.

‘ದವಾಖಾನಿ ದೂರ ಐತ್ರಿ’ ಎಂಬುದನ್ನು ತಯಾರಕರು ಅರ್ಧ ಒಪ್ಪುತ್ತಾರೆ. ಸವದತ್ತಿಯ ಸರಕಾರಿ ದವಾಖಾನೆ ಗುಡ್ಡದಿಂದ ಕೆಲವೇ ಕಿಲೋಮೀಟರು. ಕಿತ್ತೂರು ಹೆದ್ದಾರಿಯ ಮೇಲೇ ಇದೆ, ಆ ಕಡೆ ಬೆಳಗಾವಿ, ಈ ಕಡೆ ಧಾರವಾಡ. ರಾಮದುರ್ಗದವರ ಮಾತು ಬೇರೆ, ಅವರಿಗೆ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು, ಒಂದು ಇಡೀ ದಿನದ ದುಡಿಮೆ. ಆದರೂ ಆಧಾರ್ ಕಾರ್ಡಿದ್ದರೆ ತಾಯಿಗೆ 2023ರ ಜೂನಿನಿಂದ ಸರಕಾರಿ ಕೆಂಪು ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಪ್ಪನಿಗೆ ಇದೆ, ಅವನು ಎತ್ತು ಕಾಯಲಿ. ಹುಣ್ಣಿಮೆಯ ಗದ್ದಲದಲ್ಲಿ ಬಸ್ ಸಿಗುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ಆಯಿ, ಕಾಕಾ, ಅತ್ತೆ ಮೂವರ ಒಪ್ಪಿಗೆ ಪಡೆಯಲು.

ವೈದ್ಯರ ಮುಂದೆ ಕೂತಾಗ ‘ಏನೇನು ಹಾಕೀರಿ?’ ಎಂಬ ಪ್ರಶ್ನೆ ಬರುತ್ತದೆ. ‘ಏನಿಲ್ರಿ’ ಎನ್ನಬೇಡಿ. ಅವರ ಕೈಯಲ್ಲಿ ಬೆಳಕಿನ ಯಂತ್ರವಿದೆ, ಬಳ್ಳೊಳ್ಳಿಯ ಸಿಪ್ಪೆ ಅವರಿಗೆ ಕಾಣುತ್ತಿದೆ.

ಬಳಕೆಯ ನಂತರ

ವೈದ್ಯರು ಕೊಟ್ಟ ಡ್ರಾಪ್ಸಿನ ಸೀಸೆಯ ಮೇಲೆ ಒಡೆದ ತಾರೀಕು ಬರೆಯಿರಿ. ಸಾಮಾನ್ಯವಾಗಿ ಒಡೆದ ತಿಂಗಳಿಗೆ ಅದರ ಆಯುಷ್ಯ ಮುಗಿಯಿತು. ಬನದ ಹುಣ್ಣಿಮೆಗೆ ಒಡೆದದ್ದು ಭಾರತ ಹುಣ್ಣಿಮೆ ಹೊತ್ತಿಗೆ ಮೋರಿಗೆ. ಅಷ್ಟರಲ್ಲಿ ಓಣಿಯ ಕಾಕಿಯೊಬ್ಬಳು ಬಾಗಿಲಿಗೆ ಬಂದು, ‘ಯವ್ವಾ, ನಿನ್ನ ಹುಡುಗಗ ಹಾಕಿದ್ದು ಇನ್ನಾ ಒಂದೀಟ ಉಳದೈತೇನ?’ ಎಂದು ಕೇಳುತ್ತಾಳೆ. ಇಲ್ಲ ಎನ್ನಿ. ಮಗುವಿನ ತೂಕ ಎಷ್ಟೆಂದು ಕೇಳಿ ಪ್ಯಾರಾಸಿಟಮಾಲ್ ಬಾಟಲಿ ಕೈಗಿಡಿ, ಅಳೆಯಲು ಸಿರಿಂಜು ಸಮೇತ.